ಮೇಣದಡಿಯ ಫೋಟೊ

ಚೆನ್ನೈಯ ನುಂಗಂಬಾಕ್ಕಂನ ಹವಾಮಾನ ಕಚೇರಿ 2003ರ ಮೇ 31ರಂದು 45 ಡಿಗ್ರಿ ಸೆಲ್ಸಿಯಸ್ ದಾಖಲಿಸಿತ್ತು. ಇಂಥ ಬಡಾವಣೆಯ ಗೋಡೆಯ ಮೇಲೆ ಫೋಟೊಗೆ ಮೇಣ ಹಚ್ಚಿ ಮಾಡಿದ ಚಿತ್ರ ತೂಗುಹಾಕಿದರೆ ಬಂದವರೆಲ್ಲ ಕೇಳುವುದು ಒಂದೇ: ಕತ್ತರಿ ಬಿಸಿಲಿಗೆ ಇದು ಕರಗಿ ಇಳಿಯುವುದಿಲ್ಲವೇ?

ಇಳಿಯುವುದಿಲ್ಲ. ಜೇನುಮೇಣ ಕರಗಲು 62ರಿಂದ 64 ಡಿಗ್ರಿ ಬೇಕು. ರಾಳ ಬೆರೆತರೆ ಇನ್ನಷ್ಟು ಗಟ್ಟಿ. ಈಜಿಪ್ಟಿನ ಫಯೂಮ್‌ನಲ್ಲಿ ಮಮ್ಮಿಗಳ ಜೊತೆ ಸಿಕ್ಕ ಮೇಣದ ಮುಖಚಿತ್ರಗಳು ಹದಿನೆಂಟು ಹತ್ತೊಂಬತ್ತು ಶತಮಾನ ದಾಟಿ ಬಂದದ್ದು ಆ ಬಿಸಿಲುನಾಡಿನಲ್ಲೇ. ಫೋಟೊದ ಮೇಲೆ ಮಾಡಿದ ಮೇಣಚಿತ್ರ ಕೆಡುವುದು ಹೆಚ್ಚಾಗಿ ಕೆಳಗಿನಿಂದ, ಅಂದರೆ ಕಾಗದದಿಂದ.

ಸ್ಟುಡಿಯೋಗಳಲ್ಲಿ ಕೊಡುವ ಹೊಳಪಿನ ಪ್ರಿಂಟಿಗೆ ಪ್ಲಾಸ್ಟಿಕ್ ಲೇಪ ಇರುತ್ತದೆ. ಅದು ಮೇಣವನ್ನು ಹೀರುವುದಿಲ್ಲ. ಮೇಣ ಮೇಲೆ ಕೂತಂತೆ ಕಂಡರೂ ಹಿಡಿತವಿರುವುದಿಲ್ಲ, ಒಂದು ದಿನ ಹಪ್ಪಳೆಯಾಗಿ ಏಳುತ್ತದೆ. ಹತ್ತಿಯ ಮ್ಯಾಟ್ ಕಾಗದದ ಮೇಲೆ ಪಿಗ್ಮೆಂಟ್ ಶಾಯಿಯಲ್ಲಿ ಪ್ರಿಂಟ್ ತೆಗೆಸಿ, ಮರದ ಹಲಗೆಗೆ ಗುಳ್ಳೆ ಬಾರದಂತೆ ಅಂಟಿಸಿ. ಹಲಗೆಗೆ ಮೊದಲೇ ಬಿಳಿ ಕಾಗದ ಹಾಸಿರಬೇಕು. ಮೇಣ ಕುಡಿದ ಕಾಗದ ಬಜ್ಜಿ ಇಟ್ಟ ಪೇಪರಿನಂತೆ ಪಾರದರ್ಶಕವಾಗುತ್ತದೆ, ಹಲಗೆಯ ಕಂದು ಬಣ್ಣ ಮುಖದ ಬಿಳುಪಿನಲ್ಲಿ ಇಣುಕುತ್ತದೆ. ಅಜ್ಜಿಯ ಮದುವೆಯ ಮೂಲ ಫೋಟೊವನ್ನಂತೂ ಯಾವ ಕಾರಣಕ್ಕೂ ಮುಟ್ಟಬೇಡಿ, ಸ್ಕ್ಯಾನ್ ಮಾಡಿಸಿದ ಪ್ರತಿ ಸಾಕು. ಒಮ್ಮೆ ಕಾಗದದೊಳಗೆ ಇಳಿದ ಮೇಣವನ್ನು ಪೂರ್ತಿ ಹೊರತೆಗೆಯಲಾಗದು.

ಮದ್ರಾಸಿಗೆ ಮೇಣ ಮತ್ತು ಫೋಟೊದ ಒಡನಾಟ ಹಳೆಯದು. 1854ರ ಡಿಸೆಂಬರಿನಲ್ಲಿ ನಮ್ಮ ಹಳೇಬೀಡು, ಬೇಲೂರುಗಳ ಫೋಟೊ ತೆಗೆದ ಲಿನೇಯಸ್ ಟ್ರೈಪ್, ಮುಂದೆ ಮದ್ರಾಸ್ ಪ್ರೆಸಿಡೆನ್ಸಿಯ ಅಧಿಕೃತ ಛಾಯಾಗ್ರಾಹಕನಾಗಿ ಮಧುರೆ, ತಂಜಾವೂರುಗಳನ್ನು ಸುತ್ತಿದ. ಆತನದು ಮೇಣ ಕುಡಿಸಿದ ಕಾಗದದ ನೆಗೆಟಿವ್. ಬೆಳಕು ಸರಾಗವಾಗಿ ಹಾಯಲೆಂದೇ ಆ ಮೇಣ. ಆಕಾಶ ಬರಿದಾಗಿ ಕಂಡ ಕಡೆ ನೆಗೆಟಿವಿನ ಮೇಲೇ ಬಣ್ಣ ಹಚ್ಚಿ ಮೋಡ ಮೂಡಿಸಿದ, ಮರಗಳ ಎಲೆಗಳನ್ನೂ ತಿದ್ದಿದ. ಎಷ್ಟು ಹಚ್ಚಬೇಕು ಎಂಬುದಕ್ಕೆ ನನಗೆ ಆತನೇ ಮಾದರಿ. ಆತನ ಮೋಡಗಳು ಗೋಪುರವನ್ನು ಮರೆಮಾಡುವುದಿಲ್ಲ.

ರಾಳದ ಹದ ಕಲಿಯಲು ದೂರ ಹೋಗಬೇಕಿಲ್ಲ. ಕುಂಭಕೋಣದ ಬಳಿಯ ಸ್ವಾಮಿಮಲೈ ಸ್ಥಪತಿಗಳು ಕಂಚಿನ ಮೂರ್ತಿ ಎರೆಯುವ ಮುನ್ನ ಮಾಡುವ ಮಾದರಿಗೆ ಜೇನುಮೇಣ, ಕುಂಗಿಲಿಯಂ ಎಂಬ ರಾಳ, ಸ್ವಲ್ಪ ಕಡಲೆಕಾಯಿ ಎಣ್ಣೆ ಬೆರೆಸುತ್ತಾರೆ. ನಮಗೆ ಎಣ್ಣೆ ಬೇಡ, ಅದು ಮೇಣವನ್ನು ಮೆತ್ತಗಾಗಿಸುತ್ತದೆ. 8 ಪಾಲು ಮೇಣಕ್ಕೆ 1 ಪಾಲು ಡ್ಯಾಮರ್ ರಾಳ (ಮರದ್ದು, ರಸ್ತೆಯ ಡಾಮರಲ್ಲ) ಎಂಬ ಅಳತೆಯನ್ನು ನಾನು ನೆಚ್ಚುತ್ತೇನೆ. ಹಚ್ಚುವಾಗ ಕಾವು 80ರಿಂದ 90 ಡಿಗ್ರಿಯೊಳಗಿರಲಿ. ಹೊಗೆ ಎದ್ದರೆ ಕಾವು ಮೀರಿತೆಂದೇ ಅರ್ಥ, ಆ ಹೊಗೆ ಎದೆಗೆ ಒಳ್ಳೆಯದಲ್ಲ. ಕಿಟಕಿ ತೆರೆದು ಎಕ್ಸಾಸ್ಟ್ ಫ್ಯಾನ್ ಹಾಕಿ, ಸೀಲಿಂಗ್ ಫ್ಯಾನ್ ಮಾತ್ರ ನಿಲ್ಲಿಸಿ: ಅದರ ಗಾಳಿಗೆ ಬ್ರಶ್ಶಿನಲ್ಲೇ ಮೇಣ ಹೆಪ್ಪುಗಟ್ಟುತ್ತದೆ. ಮೇ ತಿಂಗಳಲ್ಲಿ ಇದು ತಪಸ್ಸೇ ಸರಿ.

ಪ್ರತಿ ಪದರವನ್ನೂ ಹೀಟ್ ಗನ್ನಿನಿಂದ ಬೆಚ್ಚಗೆ ಮಾಡಿ ಕೆಳಗಿನ ಪದರದೊಡನೆ ಬೆಸೆಯಬೇಕು. ಮೇಣ ಮಿನುಗಿದೊಡನೆ ಕೈ ಸರಿಸಿ. ಅರೆಕ್ಷಣ ತಡವಾದರೂ ಬಣ್ಣ ಹರಿದು ಕಣ್ಣು ಮೂಗು ಕಲಸಿಹೋಗುತ್ತವೆ. ಮುಖದ ಮೇಲೆ ಎರಡು ತೆಳು ಪದರ ಸಾಕು. ದಪ್ಪ ಮೇಣ, ಗೀರು, ಬಣ್ಣ ಎಲ್ಲ ಹಿನ್ನೆಲೆಗಿರಲಿ. ಫೋಟೊ ಕಾಣದಷ್ಟು ಬಳಿಯುವುದಾದರೆ ಫೋಟೊ ಏಕೆ ಬೇಕಿತ್ತು?

ಮೊದಲ ತಿಂಗಳುಗಳಲ್ಲಿ ಮೇಲ್ಮೈ ಮೇಲೆ ಬೂಷ್ಟಿನಂಥ ಬಿಳಿ ಮಸುಕು ಕಂಡರೆ ಗಾಬರಿ ಬೇಡ. ಎಸಿ ಕೋಣೆಗಳಲ್ಲಿ ಅದು ಹೆಚ್ಚು. ಮೆತ್ತನೆಯ ಹಳೇ ಮಲ್ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಹೊಳಪು ಮರಳುತ್ತದೆ. ನೇರ ಬಿಸಿಲು ಬೀಳುವಲ್ಲಿ, ಪಡುವಣ ಬಿಸಿಲಿಗೆ ಕಾಯುವ ಗೋಡೆಯಲ್ಲಿ ತೂಗುಹಾಕಬೇಡಿ. ಬೆಂಗಳೂರಿನ ನೆಂಟರಿಗೆ ಒಯ್ಯುವುದಿದ್ದರೆ ಬಟರ್ ಪೇಪರ್ ಸುತ್ತಿ, ಅದರ ಮೇಲೆ ಬೇಕಾದರೆ ಬಬಲ್ ರ‍್ಯಾಪ್; ನೇರವಾಗಿ ಸುತ್ತಿದರೆ ಗುಳ್ಳೆಗಳ ಅಚ್ಚು ಮೇಣದ ಮೇಲೆ ಉಳಿಯುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಮೇಣ ಕರಗುವಷ್ಟು ಕಾವೇರಬಲ್ಲದು, ಊಟಕ್ಕೆ ಇಳಿದಾಗ ಚಿತ್ರವನ್ನು ಜೊತೆಗೇ ಒಳಗೆ ಒಯ್ಯಿರಿ.