ಬೋನಿಫೇಸ್: ಕೊಡಲಿಯೂ ಓಲೆಯೂ

ಸಂತ ಬೋನಿಫೇಸ್ ಎಂದರೆ ಚಿತ್ರಕಾರರಿಗೆ ಮೊದಲು ಹೊಳೆಯುವುದು ಕೊಡಲಿ ಮತ್ತು ಉರುಳಿದ ಓಕ್ ಮರ. ಜರ್ಮನಿಯ ಹೆಸ್ಸೆ ಸೀಮೆಯ ಗೈಸ್ಮಾರ್‌ನಲ್ಲಿ, ಸುಮಾರು 723ರಲ್ಲಿ, ಅವರು ಕಡಿದದ್ದು ಗುಡುಗಿನ ದೇವರ ಮರ. ಅವರ ಚರಿತ್ರೆ ಬರೆದ ಪಾದ್ರಿ ವಿಲ್ಲಿಬಾಲ್ಡ್ ಹೇಳುವಂತೆ, ಮರಕ್ಕೆ ಚೂರು ಕಚ್ಚು ಬೀಳುತ್ತಲೇ ಮೇಲಿಂದ ಗಾಳಿ ಬೀಸಿ ಅದು ನಾಲ್ಕು ಹೋಳಾಯಿತು. ಶಪಿಸುತ್ತ ನಿಂತಿದ್ದವರು ನಂಬಿದರು. ಅದೇ ಮರದಿಂದ ಸಂತ ಪೇತ್ರನ ಪ್ರಾರ್ಥನಾಲಯ ಎದ್ದಿತು. ಕಥೆ ರೋಚಕವಾಗಿದೆ. ಆದರೆ ಒಂದು ಇಡೀ ಬದುಕನ್ನು ಇದರಿಂದ ಅಳೆಯಲಾಗದು. ಬೋನಿಫೇಸರ ಹಿರಿಮೆಯೂ ಮಿತಿಯೂ ಸಿಗುವುದು ಅವರ ಪತ್ರಗಳಲ್ಲಿ.

ಇಂಗ್ಲೆಂಡಿನ ವೆಸೆಕ್ಸ್‌ನಲ್ಲಿ ಸುಮಾರು 675ರಲ್ಲಿ ಹುಟ್ಟಿದ ಅವರ ಮೊದಲ ಹೆಸರು ವಿನ್‌ಫ್ರಿತ್. ನರ್ಸ್ಲಿಂಗ್ ಮಠದಲ್ಲಿ ಪಾಠ ಹೇಳುತ್ತಿದ್ದರು, ಲ್ಯಾಟಿನ್ ವ್ಯಾಕರಣವೊಂದನ್ನೂ ಬರೆದಿದ್ದರು. 716ರಲ್ಲಿ ಧರ್ಮಪ್ರಚಾರಕ್ಕೆಂದು ಉತ್ತರ ಸಮುದ್ರದ ದಡದ ಫ್ರಿಸಿಯಾಕ್ಕೆ ಹೋಗಿ ಬರಿಗೈಯಲ್ಲಿ ಮರಳಿದರು. 719ರಲ್ಲಿ ಪೋಪ್ ಎರಡನೇ ಗ್ರೆಗರಿ ಅವರಿಗೆ ಹೊಸ ಹೆಸರನ್ನೂ ಧರ್ಮಪ್ರಚಾರದ ಹೊಣೆಯನ್ನೂ ಕೊಟ್ಟರು. ಮುಂದೆ ಬಿಷಪ್, ಆರ್ಚ್‌ಬಿಷಪ್ ಆಗಿ ರೈನ್ ನದಿಯಾಚೆಯ ನಾಡಿಗೆ ಧರ್ಮಪ್ರಾಂತಗಳ ಚೌಕಟ್ಟು ಹಾಕಿದರು. 744ರಲ್ಲಿ ಶಿಷ್ಯ ಸ್ಟುರ್ಮ್ ಅವರಿಂದ ಫುಲ್ಡಾ ಮಠ ಕಟ್ಟಿಸಿದರು. ಇಂಥ ನಿಧಾನದ ಕೆಲಸ ಪವಾಡಕ್ಕಿಂತ ಹೆಚ್ಚು ಬಾಳಿತು.

ಪತ್ರಗಳಲ್ಲಿ ಕಾಣುವವರು ಪುಸ್ತಕಕ್ಕಾಗಿ ಹಂಬಲಿಸುವ ಮನುಷ್ಯ. ಸನ್ಯಾಸಿನಿ ಎಡ್‌ಬುರ್ಗಾ ಅವರಿಗೆ, ಪೇತ್ರನ ಪತ್ರಿಕೆಗಳನ್ನು ಚಿನ್ನದ ಅಕ್ಷರಗಳಲ್ಲಿ ಬರೆದು ಕಳಿಸಿಕೊಡಿ ಎಂದು ಬೇಡುತ್ತಾರೆ. ಬೋಧಿಸುವಾಗ ಕೇಳುಗರ ಕಣ್ಣಿಗೂ ಆ ಗ್ರಂಥದ ಬಗ್ಗೆ ಗೌರವ ಮೂಡಲಿ ಎಂಬುದು ಅವರ ಆಸೆ. ವಿಂಚೆಸ್ಟರಿನ ಬಿಷಪ್ ಡೇನಿಯಲರಿಗೆ ಬರೆದ ಪತ್ರವಂತೂ ಮನಸ್ಸು ಕಲಕುತ್ತದೆ: ಕಣ್ಣು ಮಂಜಾಗಿದೆ, ಚಿಕ್ಕಕ್ಷರ ಕೂಡಿಸಿ ಓದಲಾಗುತ್ತಿಲ್ಲ, ನನ್ನ ಗುರು ಬಿಟ್ಟುಹೋದ, ಬಿಡಿಬಿಡಿ ಅಕ್ಷರಗಳ ಪ್ರವಾದಿಗಳ ಗ್ರಂಥ ಕಳಿಸಿಕೊಡಿ ಎನ್ನುತ್ತಾರೆ. ಬಂಧುವೂ ವಿದುಷಿಯೂ ಆದ ಲಿಯೋಬಾ ಅವರನ್ನು ಇಂಗ್ಲೆಂಡಿನಿಂದ ಕರೆಸಿ ಮಠವೊಂದರ ಮುಖ್ಯಸ್ಥೆಯನ್ನಾಗಿ ಮಾಡಿದರು. ಹೆಣ್ಣುಮಕ್ಕಳ ಓದುಬರಹವನ್ನು ಇಷ್ಟು ನೆಚ್ಚಿದ ಧರ್ಮಪ್ರಚಾರಕರು ಆ ಕಾಲಕ್ಕೆ ವಿರಳ.

ಇದೇ ಡೇನಿಯಲ್ ಹಿಂದೊಮ್ಮೆ ಅವರಿಗೆ ಪ್ರಚಾರದ ದಾರಿ ಹೇಳಿಕೊಟ್ಟಿದ್ದರು: ಅನ್ಯಧರ್ಮೀಯರನ್ನು ಹೀಯಾಳಿಸಿ ಕೆರಳಿಸಬೇಡಿ, ಅವರ ದೇವರ ವಂಶಾವಳಿಯನ್ನು ಅವರ ಬಾಯಿಂದಲೇ ಕೇಳಿ, ಮೆಲ್ಲಗೆ ಪ್ರಶ್ನೆ ಹಾಕಿ. ಎಂಥ ಪ್ರೌಢ ಮಾತು! ಆದರೆ ಅದೇ ಪತ್ರದಲ್ಲಿ ಇನ್ನೊಂದು ವಾದವೂ ಇದೆ: ಎಣ್ಣೆ, ದ್ರಾಕ್ಷಾರಸ ತುಂಬಿದ ನಾಡೆಲ್ಲ ಕ್ರೈಸ್ತರದು, ಆ ದೇವರುಗಳ ಪಾಲಿಗೆ ಉಳಿದದ್ದು ಕೊರೆಯುವ ಚಳಿಯ ನೆಲ. ಸತ್ಯದ ಪ್ರಶ್ನೆಯನ್ನು ಸಂಪತ್ತಿನ ಲೆಕ್ಕಕ್ಕೆ ಇಳಿಸುವ ಈ ತರ್ಕ ನನಗೆ ಒಪ್ಪಿಗೆಯಾಗದು.

ಬೋನಿಫೇಸರ ದೊಡ್ಡ ತೊಡಕು ಅಧಿಕಾರದ ಆಸರೆ. ಫ್ರಾಂಕ್ ದೊರೆಯ ರಕ್ಷಣೆಯಿಲ್ಲದೆ ಪಾದ್ರಿಗಳನ್ನು ಕಾಯಲೂ ಆಗದು, ಹಳೆಯ ಪೂಜೆಗಳನ್ನು ತಡೆಯಲೂ ಆಗದು ಎಂದು ಅವರೇ ಡೇನಿಯಲರಿಗೆ ಬರೆದಿದ್ದಾರೆ. ಆಸ್ಥಾನದ ದುರ್ನಡತೆಯ ಧರ್ಮಾಧಿಕಾರಿಗಳ ಜೊತೆ ಒಡನಾಡಬೇಕಾದ ಸಂಕಟವನ್ನೂ ತೋಡಿಕೊಂಡಿದ್ದಾರೆ. ಅವರ ಈ ಪ್ರಾಮಾಣಿಕತೆ ದೊಡ್ಡದು. ಆದರೂ ಗೈಸ್ಮಾರ್‌ನ ಮರಕ್ಕೆ ಕೊಡಲಿ ಹಾಕುವಾಗ ಬೆನ್ನಿಗೆ ದೇವರ ಜೊತೆ ದೊರೆಯೂ ಇದ್ದ ಎಂಬುದನ್ನು ಮರೆಯುವಂತಿಲ್ಲ. ದೊರೆ ಮತ್ತು ಧರ್ಮದ ಈ ಜೋಡಿ ಮುಂದೆ ಎಷ್ಟು ಕ್ರೂರವಾಯಿತೆಂಬುದಕ್ಕೆ, ಸ್ಯಾಕ್ಸನ್ನರ ಮೇಲೆ ಫ್ರಾಂಕ್ ದೊರೆ ಷಾರ್ಲೆಮನ್ ಹೇರಿದ ಬಲವಂತದ ದೀಕ್ಷಾಸ್ನಾನವೇ ಸಾಕ್ಷಿ. ಅದರ ಪಾಪ ಬೋನಿಫೇಸರದಲ್ಲ. ಅವರು ತುಳಿದ ದಾರಿಯಲ್ಲಿ ಅದರ ಅಪಾಯ ಮಾತ್ರ ಆಗಲೇ ಇತ್ತು.

ಅವರ ಕೊನೆಯ ಆಯ್ಕೆಯೇ ಇದಕ್ಕೆ ಉತ್ತರದಂತಿದೆ. ಎಂಬತ್ತರ ಅಂಚಿನಲ್ಲಿ, ಗಳಿಸಿದ ಪದವಿ ಬಿಟ್ಟು, ಮೊದಲು ಸೋತಿದ್ದ ಫ್ರಿಸಿಯಾಕ್ಕೇ ಮರಳಿದರು. 754ರ ಜೂನ್ 5ರಂದು ಡೋಕುಮ್ ಬಳಿ ಶಸ್ತ್ರಧಾರಿಗಳು ಮೇಲೆ ಬಿದ್ದಾಗ, ತಿರುಗಿ ಹೊಡೆಯಬೇಡಿ ಎಂದು ತಮ್ಮವರನ್ನು ತಡೆದರೆಂದು ವಿಲ್ಲಿಬಾಲ್ಡ್ ಬರೆಯುತ್ತಾರೆ. ಚಿನ್ನಬೆಳ್ಳಿಗೆಂದು ಪೆಟ್ಟಿಗೆ ಒಡೆದವರಿಗೆ ಸಿಕ್ಕಿದ್ದು ಪುಸ್ತಕಗಳು. ಸಂತರನ್ನು ಪವಾಡಗಳಿಂದ ಅಳೆದರೆ ಭಕ್ತಿ ಸುಲಭವಾಗುತ್ತದೆ, ತಿಳಿವು ಬಡವಾಗುತ್ತದೆ. ಹಾಗಾಗಿ ಬೋನಿಫೇಸರನ್ನು ಅರಿಯಬಯಸುವವರು ಅವರ ಚರಿತ್ರೆಗಿಂತ ಮೊದಲು ಪತ್ರಗಳನ್ನು ಓದಬೇಕು. ತನ್ನ ಕೆಲಸದ ಕೊಳೆಯನ್ನು ತಾನೇ ಕಂಡು, ಅದನ್ನು ಮುಚ್ಚಿಡದೆ ಬರೆದ ಮನುಷ್ಯನನ್ನು ಗೌರವಿಸುವುದಕ್ಕೆ ಯಾವ ಪವಾಡದ ನೆರವೂ ಬೇಕಿಲ್ಲ.