ಕುಸಿಯುತ್ತಲೇ ನಿಂತ ದಿಬ್ಬ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮಿಲ್ವಾಕಿಯಿಂದ ಉತ್ತರಕ್ಕೆ ಗ್ರಾಫ್ಟನ್ ಬಳಿ, ಲಯನ್ಸ್ ಡೆನ್ ಗಾರ್ಜ್ ಎಂಬ ರಕ್ಷಿತ ತಾಣವಿದೆ. ವಿಸ್ತಾರ 70 ಎಕರೆಗಿಂತ ತುಸು ಹೆಚ್ಚು, ಅಷ್ಟೇ. ಆದರೂ ಮಿಷಿಗನ್ ಸರೋವರವನ್ನು ನೋಡಬೇಕೆಂದರೆ ನಾನು ಮೊದಲು ಹೇಳುವ ಹೆಸರು ಇದೇ. ದಿಬ್ಬದ ಮೇಲಿಂದ ಸುಮಾರು 80ರಿಂದ 100 ಅಡಿ ಕೆಳಗೆ ನೀರು. ಆಚೆ ದಡ ಕಾಣುವುದೇ ಇಲ್ಲ.

ಇದು ಬಂಡೆಯ ಗೋಡೆಯಲ್ಲ, ಹಿಮಯುಗದ ಹಿಮನದಿಗಳು ಬಿಟ್ಟುಹೋದ ಜೇಡಿಮಣ್ಣು. ಬುಡವನ್ನು ಅಲೆ ಕೊರೆಯುತ್ತದೆ, ಒಳಗಿನಿಂದ ಅಂತರ್ಜಲ ಒಸರುತ್ತದೆ, ಮಣ್ಣು ತೋಯ್ದು ಜಾರುತ್ತದೆ. ಇಳಿಜಾರಿನ ಬಿಳಿ ಸೀಡರ್ ಮರಗಳನ್ನು ಹತ್ತಿರದಿಂದ ನೋಡಿ: ನೆಲ ಜಾರಿದಾಗ ಕಾಂಡ ಸರೋವರದ ಕಡೆಗೆ ಬಾಗುತ್ತದೆ, ಆಮೇಲೆ ತುದಿ ಮತ್ತೆ ಬೆಳಕಿನತ್ತ ನೆಟ್ಟಗಾಗುತ್ತದೆ. ಆ ಒಂದೊಂದು ಬಾಗಿನಲ್ಲೂ ಹಳೆಯ ಕುಸಿತದ ಲೆಕ್ಕವಿದೆ. ಎಲೆಯನ್ನು ಬೆರಳಲ್ಲಿ ಉಜ್ಜಿದರೆ ಘಮ್ಮನೆ ಪರಿಮಳ.

ಕಮರಿಗೆ ಇಳಿಯುವಾಗ ಗಾಳಿಯ ಸದ್ದು ಮೇಲೇ ಉಳಿಯುತ್ತದೆ. ಬೇಸಿಗೆಯಲ್ಲೂ ಇಲ್ಲಿ ತಂಪು. ಮುಂದಿನ ಮೆಟ್ಟಿಲುಗಳು ನೇರ ದಡಕ್ಕೆ ಒಯ್ಯುತ್ತವೆ. ಅಲ್ಲಿ ಸವೆದು ನುಣುಪಾದ ಕಲ್ಲುಗಳು, ಬುಡಸಮೇತ ಉರುಳಿಬಿದ್ದ ಮರಗಳು. ಬಿರುಗಾಳಿಯ ಮರುದಿನವಾದರೆ ದಡದ ನೀರೆಲ್ಲ ಮಣ್ಣುಬಣ್ಣ.

ಇಂಥ ಸರೋವರದಂಚಿನ ಜಾಗಕ್ಕೆ ಮನೆ ಕಟ್ಟುವವರು ಕೇಳಿದಷ್ಟು ಬೆಲೆ ಕೊಡುತ್ತಾರೆ. ಅದನ್ನು ಓಜಾಕೀ ಕೌಂಟಿ ಕೊಂಡು ಸಾರ್ವಜನಿಕರಿಗೆ ಬಿಟ್ಟಿತಲ್ಲ, ಆ ನಿರ್ಧಾರಕ್ಕೆ ನನ್ನ ನಮಸ್ಕಾರ. ಹೋಗುವುದಾದರೆ ಬೆಳಗ್ಗೆಯೇ ಹೋಗಿ, ಸರೋವರವಿರುವುದು ಪೂರ್ವಕ್ಕೆ. ಅಂಚಿನ ಹುಲ್ಲನ್ನು ಮಾತ್ರ ನಂಬಬೇಡಿ, ಅದರಡಿ ಮಣ್ಣು ಇಲ್ಲದಿರಬಹುದು.