ನೆಲೆಯೂರಿದವರ ಕಥನ: ಗದಗ ಸೀಮೆಯ ಸಾವಜಿ ಮತ್ತು ಲಂಬಾಣಿ ವಲಸೆಗಳ ಅಧ್ಯಯನ ಕುರಿತು

ವಲಸೆ ಬಂದ ಸಮುದಾಯಗಳನ್ನು ಕುರಿತ ನಮ್ಮ ಜಾನಪದೀಯ ಅಧ್ಯಯನಗಳು ಬಹುಮಟ್ಟಿಗೆ ಒಂದೇ ಚೌಕಟ್ಟನ್ನು ಅನುಸರಿಸುತ್ತ ಬಂದಿವೆ. ಮೊದಲು ಮೂಲದ ಐತಿಹ್ಯ, ಅನಂತರ ಕಷ್ಟಸಹಿಷ್ಣುತೆ, ಕೊನೆಗೆ ಏಳಿಗೆ. 1990ರ ದಶಕದಲ್ಲಿ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಉಪಸಂಸ್ಕೃತಿ ಮಾಲೆಯು ಅಂಚಿನ ಸಮುದಾಯಗಳತ್ತ ವಿದ್ವತ್ತಿನ ಗಮನ ಸೆಳೆದ ಮೇಲೆ ಇಂಥ ಅಧ್ಯಯನಗಳು ಹೆಚ್ಚಿವೆ. ಚೌಕಟ್ಟು ಮಾತ್ರ ಅಷ್ಟಾಗಿ ಬದಲಾಗಿಲ್ಲ. ಏಳಿಗೆಗೆ ಸಮುದಾಯದ ಸ್ವಭಾವವೇ ಕಾರಣವೆಂಬ ಗ್ರಹಿಕೆ ಅದರ ತಳದಲ್ಲಿದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಪರಿಸರದ ಎರಡು ಸಮುದಾಯಗಳನ್ನು ಎದುರುಬದುರಾಗಿ ಇರಿಸಿ ಈ ಗ್ರಹಿಕೆಯನ್ನು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯದು ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮುದಾಯ. ಜನ ಇವರನ್ನು ಪಟ್ಟೇಗಾರರೆಂದೂ ಸಾವಜಿಗಳೆಂದೂ ಕರೆಯುತ್ತಾರೆ. ಮಾಹಿಷ್ಮತಿಯ ಕಾರ್ತವೀರ್ಯಾರ್ಜುನನನ್ನು ಇವರು ಮೂಲಪುರುಷನೆಂದು ಭಾವಿಸುತ್ತಾರೆ. ಪರಶುರಾಮನ ಕೊಡಲಿಗೆ ಅಂಜಿದ ಕ್ಷತ್ರಿಯರು ದೇವಿಯ ಮರೆಹೊಕ್ಕು, ಆಯುಧ ಬಿಟ್ಟು ಮಗ್ಗ ಹಿಡಿದರೆಂಬುದು ಖತ್ರಿ ಎಂದು ಕರೆದುಕೊಳ್ಳುವ ಹಲವು ನೇಕಾರ, ಬಣ್ಣಗಾರ ಸಮುದಾಯಗಳಲ್ಲಿ ಪ್ರಚಲಿತವಿರುವ ಕಥೆ. ಇದನ್ನು ಇತಿಹಾಸವೆಂದು ಒಪ್ಪುವುದು ಅಥವಾ ಕಟ್ಟುಕಥೆಯೆಂದು ತಳ್ಳಿಹಾಕುವುದು, ಇವೆರಡೇ ದಾರಿಗಳನ್ನು ನಮ್ಮ ಅಧ್ಯಯನಗಳು ಹಿಡಿದಿವೆ. ಎರಡರಲ್ಲಿಯೂ ಐತಿಹ್ಯ ಇಂದು ಯಾವ ಕೆಲಸ ಮಾಡುತ್ತಿದೆ ಎಂಬ ಪ್ರಶ್ನೆ ಬಿಟ್ಟುಹೋಗುತ್ತದೆ.

ಈ ಸೀಮೆಯ ಜನ ಹುಣ್ಣಿಮೆಗೆ ಹೋಗುವುದು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ. ಅಲ್ಲಿನ ಕಥನದಲ್ಲಿ ಪರಶುರಾಮ ರೇಣುಕೆಯ ಮಗ. ಜಮದಗ್ನಿಯ ಆಶ್ರಮಕ್ಕೆ ಕೇಡು ತಂದವನು ಕಾರ್ತವೀರ್ಯ. ಅಂದರೆ ನೆಲದ ಕಥೆಯಲ್ಲಿ ಖಳನಾದವನು ವಲಸೆಗಾರರ ಕಥೆಯಲ್ಲಿ ಪೂರ್ವಜ. ಹೀಗೆ ವಿರುದ್ಧವಾದ ಎರಡು ಕಥನಗಳು ಒಂದೇ ಪೇಟೆಯಲ್ಲಿ ಜಗಳವಿಲ್ಲದೆ ಬಾಳಿವೆ. ಹೊಂದಾಣಿಕೆ ಎಂದರೆ ತನ್ನ ಕಥೆಯನ್ನು ನೆಲದ ಕಥೆಯಲ್ಲಿ ಕರಗಿಸಿಬಿಡುವುದಲ್ಲ ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ. ಮಗ್ಗದ ಕೂಲಿಯಲ್ಲಿ ಕುಳಿತವನಿಗೆ ಈ ಐತಿಹ್ಯ ಮಾನವನ್ನು ಒದಗಿಸಿದೆ: ವೃತ್ತಿ ಸೋಲಿನಿಂದ ಬಂದದ್ದಿರಬಹುದು, ಕುಲ ಸೋತದ್ದಲ್ಲ.

ಎರಡನೆಯ ತೊಡಕು ವಿಶೇಷಣಗಳದು. 1884ರಲ್ಲಿ ಪ್ರಕಟವಾದ ಮುಂಬಯಿ ಗ್ಯಾಝೆಟಿಯರಿನ ಧಾರವಾಡ ಸಂಪುಟ ಒಂದೊಂದು ಜಾತಿಗೂ ದುಡಿಮೆಗಾರರು, ಮಿತವ್ಯಯಿಗಳು, ಸೋಮಾರಿಗಳು ಎಂಬ ಬಗೆಯ ಗುಣಪಟ್ಟಿಯನ್ನು ಅಂಟಿಸಿತು. ಆಡಳಿತದ ಅನುಕೂಲಕ್ಕಾಗಿ ಹುಟ್ಟಿದ ಆ ಭಾಷೆ ನಮ್ಮ ಸಂಶೋಧನ ಪ್ರಬಂಧಗಳಲ್ಲಿ ಇಂದಿಗೂ ಉಸಿರಾಡುತ್ತಿದೆ. ಸಾವಜಿಗಳು ಉದ್ಯಮಶೀಲರು, ಆದ್ದರಿಂದ ಏಳಿಗೆ ಹೊಂದಿದರು ಎಂಬ ವಾಕ್ಯ ಕಾರಣವನ್ನು ಹೇಳುವುದಿಲ್ಲ. ಫಲವನ್ನೇ ಗುಣವೆಂದು ಮರಳಿ ಹೇಳುತ್ತದೆ.

ಕಾರಣಗಳು ಬೇರೆಡೆ ಇವೆ. ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಗದಗನ್ನು ತಲುಪಿ, ಹತ್ತಿಯ ಪೇಟೆಯನ್ನು ದೂರದ ಮಾರುಕಟ್ಟೆಗಳಿಗೆ ಬೆಸೆಯಿತು. ಬೆಟಗೇರಿಯಲ್ಲಿ ಹಲವು ನೇಕಾರ ಸಮುದಾಯಗಳು ನೆಲೆಸಿದ್ದವು. ರೇಷ್ಮೆ ಕೆಲಸ ಬಲ್ಲವರಿಗೆ ಇಳಕಲ್ ಮಾದರಿಯ ಸೀರೆಗೆ ಬೇಡಿಕೆಯಿದ್ದ ಈ ನಾಡಿನಲ್ಲಿ ಕೌಶಲವೇ ಬಂಡವಾಳವಾಯಿತು. ಮಗ್ಗ ಮನೆಯೊಳಗಿತ್ತು, ಇಡೀ ಕುಟುಂಬದ ದುಡಿಮೆ ಅದರ ಸುತ್ತ ಕೂಡಿಬರಲು ಸಾಧ್ಯವಿತ್ತು.

ವಿದ್ಯುತ್ ಮಗ್ಗಗಳ ಪೈಪೋಟಿಯಲ್ಲಿ ಕೈಮಗ್ಗ ಕುಗ್ಗಿದಾಗ ಕೆಲವು ಸೀರೆ-ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ 1985ರ ಕಾಯ್ದೆಯೂ ಆ ಕುಸಿತವನ್ನು ತಡೆಯಲಾರದೆ ಹೋಯಿತು. ಅನೇಕ ಕುಟುಂಬಗಳ ಕೈಹಿಡಿದದ್ದು ಅಡುಗೆಮನೆ. ಇಂದು ಉತ್ತರ ಕರ್ನಾಟಕದ ಪೇಟೆಗಳಲ್ಲಿ ಕಾಣುವ ಸಾವಜಿ ಖಾನಾವಳಿ ಈ ಸ್ಥಿತ್ಯಂತರದ ಗುರುತು. ಖೀಮಾ, ಬೋಟಿ, ಎಡ್ಮಿಗಳ ಜೊತೆಗೆ ತಟ್ಟೆಯಲ್ಲಿ ಜೋಳದ ರೊಟ್ಟಿ ಬಂದು ಕುಳಿತಿತು. ಇಲ್ಲಿ ಹೊಂದಾಣಿಕೆ ಎರಡೂ ಕಡೆಯಿಂದ ನಡೆದಿದೆ: ವಲಸೆಗಾರರು ರೊಟ್ಟಿ ಕಲಿತರು, ಊರಿನವರು ಖಾರ ಕಲಿತರು. ನಾಗಪುರದಲ್ಲಿಯೂ ಸಾವಜಿ ಎಂಬ ಹೆಸರಿನ ಖಾರದ ಅಡುಗೆ ಹಲಬಾ ಕೋಷ್ಟಿ ನೇಕಾರರೊಡನೆ ಸೇರಿಕೊಂಡಿರುವುದು ತೌಲನಿಕ ಅಧ್ಯಯನಕ್ಕೆ ಅರ್ಹವಾದ ಸಂಗತಿ. ಖಾನಾವಳಿಯ ಫಲಕದ ಮೇಲೆ ಸಾಮಾನ್ಯವಾಗಿ ಗಂಡಸಿನ ಹೆಸರಿರುತ್ತದೆ. ಮಸಾಲೆಯ ಹದ ಹೆಣ್ಣಿನ ಕೈಯಲ್ಲಿ ಉಳಿದು ಬಂದದ್ದು. ಏಳಿಗೆಯ ಕಥನ ಬರೆಯುವಾಗ ಈ ದುಡಿಮೆಯನ್ನು ಸಂಪ್ರದಾಯ ಎಂಬ ಪದದಡಿ ಮುಚ್ಚಿಡುವುದು ನ್ಯಾಯವಲ್ಲ.

ಈಗ ಕಪ್ಪತಗುಡ್ಡದ ಸೆರಗಿನತ್ತ ನೋಡಬೇಕು. ಶಿರಹಟ್ಟಿ, ಮುಂಡರಗಿ ಭಾಗದ ತಾಂಡಾಗಳಲ್ಲಿರುವ ಲಂಬಾಣಿಗರೂ ಉತ್ತರದಿಂದ ಬಂದವರೇ; ಅವರ ನುಡಿಯೂ ಇಂಡೋ-ಆರ್ಯನ್ ಮೂಲದ್ದೇ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿ ಸಾಗಿಸುತ್ತಿದ್ದ ಲದೇಣಿ ಅವರ ಜೀವನಾಧಾರವಾಗಿತ್ತು. ಸಾಹಸ, ದುಡಿಮೆ, ಒಗ್ಗಟ್ಟು ಇವರಲ್ಲಿ ಕಡಿಮೆಯಿತ್ತೆಂದು ಯಾರೂ ಹೇಳಲಾರರು. ಆದರೆ ಪಟ್ಟೇಗಾರನ ಸೀರೆಗೆ ಮಾರುಕಟ್ಟೆ ತೆರೆದ ಅದೇ ರೈಲು ಲಂಬಾಣಿಗನ ಎತ್ತಿನ ಹೇರನ್ನು ನಿರರ್ಥಕಗೊಳಿಸಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ನೆರಳು ಹಲವೆಡೆ ಈ ಅಲೆಮಾರಿಗಳ ಮೇಲೆ ಬಿದ್ದಿತು. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ದಾಖಲೆಯಿಲ್ಲದ ತಾಂಡಾಗಳ ನಿವಾಸಿಗಳಿಗೆ ಮನೆಯ ಜಾಗದ ಹಕ್ಕು ನೀಡಲು ರಾಜ್ಯದ ಭೂಸುಧಾರಣಾ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬರಬೇಕಾಯಿತು. ಇಂದಿಗೂ ಮಳೆ ಕೈಕೊಟ್ಟರೆ ಇಲ್ಲಿಯ ಕುಟುಂಬಗಳು ಗೋವೆಗೆ, ಮಂಗಳೂರಿಗೆ ದುಡಿಯಲು ಹೋಗುತ್ತವೆ. ಒಬ್ಬರಿಗೆ ನೆಲೆಯಾದ ವಲಸೆ ಮತ್ತೊಬ್ಬರಿಗೆ ಮುಗಿಯದ ದಾರಿ. ಈ ವ್ಯತ್ಯಾಸವನ್ನು ಸ್ವಭಾವದಿಂದ ವಿವರಿಸಲು ಬರುವುದಿಲ್ಲ.

ಜಾಗತಿಕ ನಿದರ್ಶನವೂ ಇದನ್ನೇ ಸೂಚಿಸುತ್ತದೆ. ಪಶ್ಚಿಮ ದೇಶಗಳಲ್ಲಿ ನೆಲೆಸಿದ ಅರ್ಮೇನಿಯನ್ನರ ಯಶಸ್ಸನ್ನು ಆ ಜನಾಂಗದ ಛಲಕ್ಕೆ ಆರೋಪಿಸುವುದು ವಾಡಿಕೆ. 1915ರ ನರಮೇಧದಿಂದ ಪಾರಾದವರಲ್ಲಿ ಹಲವರು ಸೇರಿದ ಕ್ಯಾಲಿಫೋರ್ನಿಯಾದ ಫ್ರೆಸ್ನೊ ನಗರದಲ್ಲಿ ಕೆಲವು ಬಡಾವಣೆಗಳ ಆಸ್ತಿಪತ್ರಗಳೇ ಅವರಿಗೆ ಮನೆ ಮಾರುವುದನ್ನು ನಿಷೇಧಿಸಿದ್ದವು. ಅಂಥಲ್ಲಿಯೂ ಅವರನ್ನು ಹಿಡಿದಿಟ್ಟದ್ದು ಚರ್ಚು ಮತ್ತು ಐದನೆಯ ಶತಮಾನದ ಆದಿಯಿಂದ ಬಂದ ಸ್ವಂತ ಲಿಪಿ. ಜಗತ್ತಿನ ಮೊದಲ ಅರ್ಮೇನಿಯನ್ ಪತ್ರಿಕೆ 'ಅಜ್ದರಾರ್' 1794ರಲ್ಲಿ ಅಚ್ಚಾದದ್ದು ನಮ್ಮ ನೆರೆಯ ಮದರಾಸಿನಲ್ಲಿ. ತಾಯ್ನಾಡು ಕಳೆದುಕೊಂಡವರಿಗೆ ಅಕ್ಷರವೇ ನಾಡಾಯಿತು.

ಸಾವಜಿಗಳ ಮನೆಮಾತಿಗೂ ಲಂಬಾಣಿ ನುಡಿಗೂ ಆ ಆಸರೆಯಿಲ್ಲ. ಲಂಬಾಣಿ ಹಾಡು, ಕಸೂತಿಗಳು ಒಂದಿಷ್ಟು ದಾಖಲಾಗಿವೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಏಳಿಗೆ ಹೊಂದಿದವರೆಂದು ನಾವು ಬಣ್ಣಿಸುವ ಸಾವಜಿಗಳ ನುಡಿಯ ಬಗೆಗೆ ಆ ಮಟ್ಟದ ಆಸ್ಥೆ ಕಾಣದು. ಕನ್ನಡ ಶಾಲೆ, ಕನ್ನಡದ ವ್ಯವಹಾರ, ಕನ್ನಡದ ಗಿರಾಕಿ ಇವರಿಗೆ ಅನ್ನ ಕೊಟ್ಟಿವೆ. ಅದೇ ಹೊತ್ತಿಗೆ ಮಗ್ಗದ ಬದಿಯಲ್ಲಿ ಆಡುತ್ತಿದ್ದ ಮಾತಿನ ಅವಕಾಶ ಮಗ್ಗದೊಡನೆಯೇ ಕುಗ್ಗುತ್ತಿದೆ. ಲಾಳಿ, ಹಾಸು, ಹೊಕ್ಕು, ಬಣ್ಣಗಳಿಗೆ ಆ ನುಡಿಯಲ್ಲಿರುವ ಪದಗಳು ಮಗ್ಗ ನಿಂತ ಮನೆಯ ಮಕ್ಕಳಿಗೆ ಬೇಕಾಗುವುದಿಲ್ಲ.

ಆದ್ದರಿಂದ ವಲಸೆ ಸಮುದಾಯಗಳ ಅಧ್ಯಯನ ಗುಣವಾಚಕಗಳಿಂದ ಬಿಡಿಸಿಕೊಂಡು ಮೂರು ಸಂಗತಿಗಳತ್ತ ತಿರುಗಬೇಕಾಗಿದೆ: ಬಂದವರಿಗೆ ನೆಲ ಏನನ್ನು ತೆರೆಯಿತು, ಯಾರ ದುಡಿಮೆಯಿಂದ ಏಳಿಗೆ ಸಾಧ್ಯವಾಯಿತು, ಅದಕ್ಕೆ ತೆತ್ತ ಬೆಲೆ ಯಾವುದು. ಬೆಟಗೇರಿಯ ನೇಕಾರ ಓಣಿಗಳಲ್ಲಿ ಆ ಪದಗಳನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಐತಿಹ್ಯವನ್ನು ಮತ್ತೊಮ್ಮೆ ಸಂಗ್ರಹಿಸುವ ಮೊದಲು ಆ ಪದಕೋಶವನ್ನು ದಾಖಲಿಸುವುದು ಸಂಶೋಧಕರ ಮುಂದಿರುವ ತುರ್ತು ಕೆಲಸ.